ಆಲೆಮನೆಯಲ್ಲಿ ಆಡಿದ ಮಾತು

ಗಂಡ ಮಾತಾಡಿದನೆಂಬ ಸುದ್ದಿ ಮಾದಮ್ಮನಿಗೆ ಬೋರಿಂಗ್ ಹತ್ತಿರ ಗೊತ್ತಾಯಿತು. ಹೇಳಿದವಳು ಪಕ್ಕದ ಮನೆಯ ಕುಳ್ಳಮ್ಮ. ಕೊಡ ಕೆಳಗಿಡುವ ಮೊದಲೇ, "ಅಂತೂ ನಿನ್ನ ಸೇವೆ ಫಲ ಕೊಡ್ತು ಕಣಮ್ಮಿ. ನೆನ್ನೆ ಆಲೆಮನೇಲಿ ಹೊನ್ನಣ್ಣ ಮಾತಾಡ್ಬುಟ್ನಂತೆ," ಅಂದಳು. ಕುಳ್ಳಮ್ಮನ ಗಂಡ ಅದೇ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವವನು, ಅವನ ಬಾಯಿಂದ ಬಂದ ಸುದ್ದಿ.

ಗೊತ್ತಿಲ್ಲ ಅಂದರೆ ಮಾದಮ್ಮನಿಗೆ ಅವಮಾನ. ಗೊತ್ತು ಅಂದರೆ ಏನಂದ ಅಂತ ಕೇಳುತ್ತಾಳೆ. "ಹೂಂ," ಅಂದು ಹ್ಯಾಂಡಲ್ ಒತ್ತತೊಡಗಿದಳು. ಕೊಡ ತುಂಬಿ ಹೊರಗೆ ಹರಿದರೂ ಒತ್ತುತ್ತಲೇ ಇದ್ದಳು. ಆ ಮಾತು ಯಾವುದೆಂದು ಕುಳ್ಳಮ್ಮನೇ ಹೇಳಿದಳು. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬಂದಿತ್ತಂತೆ. ಇನ್ನೊಂದು ಗಳಿಗೆ ಇರಲಿ ಅಂತ ಉಳಿದವರು ಸುಮ್ಮನಿದ್ದರಂತೆ. ಕುರ್ಚಿಯಲ್ಲಿ ಕೂತಿದ್ದ ಹೊನ್ನಪ್ಪ, "ಇಳ್ಸು," ಅಂದನಂತೆ. ಒಂದೇ ಮಾತು. ಆಲೆಮನೆಯವರೆಲ್ಲ ಕೂಗಾಡಿ ಬಿಸಿ ಬೆಲ್ಲ ಹಂಚಿದರಂತೆ, ಬೆಲ್ಲ ಸಾಗಿಸುವ ಮೆಟಡೋರಿನ ವಾಹಿದ್ ಸಾಬರು ಅವನನ್ನು ಕುರ್ಚಿ ಸಮೇತ ಎತ್ತಿಬಿಟ್ಟರಂತೆ.

ನೆನ್ನೆ ಸಂಜೆ ಅವನ ಕಾಲು ತೊಳೆದದ್ದು ಮಾದಮ್ಮ. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟದ್ದು ಮಾದಮ್ಮ. ಅವನು ಒಂದು ಸೊಲ್ಲೂ ಎತ್ತಿರಲಿಲ್ಲ. ವಾಹಿದ್ ಮಾತ್ರ ಅವನನ್ನು ಇಳಿಸಿ ಹೋಗುವಾಗ, ಇವತ್ತು ನಿಮ್ಮೆಜಮಾನ್ರನ್ನೇ ಕೇಳಿ ಅಕ್ಕ, ಒಂದು ಸಮಾಚಾರ ಐತೆ ಅಂತ ನಗುತ್ತ ಹೇಳಿದ್ದ. ಅದು ದಿನದ ತಮಾಷೆ ಅಂದುಕೊಂಡಿದ್ದಳು.

ಪಾಂಡವಪುರದಿಂದ ನಾಗಮಂಗಲದ ಕಡೆ ಹೋಗುವ ರಸ್ತೆಯಲ್ಲಿ, ನಾಲೆ ದಾಟಿ ಎರಡು ಮೈಲಿಗೆ ಸಿಗುವ ಆ ಊರಿನಲ್ಲಿ ಹೊನ್ನಪ್ಪನೆಂದರೆ ಪಾಕದ ಹೊನ್ನಪ್ಪ. ಕಬ್ಬಿನ ಹಾಲು ಕಾದು ಗಟ್ಟಿಯಾಗಿ ಕೆಂಪಗೆ ಕುದಿಯುವಾಗ, ಎರಡು ಬೆರಳನ್ನು ತಣ್ಣೀರಿಗೆ ಅದ್ದಿ, ಕುದಿಯುವ ಪಾಕವನ್ನು ಚಿಟಿಕೆ ತೆಗೆದು, ಹೆಬ್ಬೆರಳಿಗೆ ಉಜ್ಜಿ ಹದ ಹೇಳುವುದು ಅವನ ಕೆಲಸ. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ. ತಡವಾದರೆ ಸೀದು ಕರಿಯಾಗುತ್ತದೆ. ಇಪ್ಪತ್ತೈದು ವರ್ಷದಲ್ಲಿ ಅವನ ಕೈಯಲ್ಲಿ ಕೆಟ್ಟ ಕೊಪ್ಪರಿಗೆ ಎರಡೋ ಮೂರೋ ಅಂತ ಆಲೆಮನೆಯ ಯಜಮಾನ ಬೋರಯ್ಯ ಹೇಳುತ್ತಿದ್ದ. ತೊಂಬತ್ತಮೂರರ ದೀಪಾವಳಿಯ ಮಾರನೆಯ ದಿನ ಆ ಬಲಗೈ, ಬಲಗಾಲು, ನಾಲಗೆ ಮೂರೂ ಒಟ್ಟಿಗೆ ಬಿದ್ದುಹೋದವು. ಲಕ್ವ ಹೊಡೆದಿತ್ತು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದು ಬಂದ ಮೇಲೆ ಅವನು ಪೂರ್ತಿ ಮಾದಮ್ಮನ ಪಾಲಾದ. ಅಕ್ಕಿಹೆಬ್ಬಾಳಿಗೆ ಕೊಟ್ಟಿದ್ದ ಮಗಳು ಬಂದು ಹದಿನೈದು ದಿನ ಇದ್ದು ಹೋದಳು. ನಾಗಮಂಗಲದ ಕಡೆಯ ತವರಿನಿಂದ ತಮ್ಮ ಬಂದು, ಯಾರೋ ಕಾಯಿಸಿಕೊಟ್ಟ ಎಣ್ಣೆ ಇಟ್ಟುಹೋದ. ಮಾದಮ್ಮ ದಿನಕ್ಕೆ ಎರಡು ಸಲ ಆ ಎಣ್ಣೆ ತಿಕ್ಕಿದಳು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸಿದಳು, ಸುರಿಯುವ ಜೊಲ್ಲು ಒರೆಸಿದಳು. ನೋಡಲು ಬಂದವರು ಬ್ರೆಡ್ಡು, ಕಿತ್ತಳೆಹಣ್ಣು ಇಟ್ಟು, ನಿನ್ನಂಥೋಳು ಸಿಕ್ಕಿದ್ದಕ್ಕೆ ಇವ್ನು ಉಳ್ಕೊಂಡ ಅಂದರು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಊರು ಅವಳ ಹೆಸರು ಹಿಡಿದು ಹೊಗಳಿದ್ದು ಆಗಲೇ. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಆಲೆಮನೆಯಲ್ಲೇ ಹಗಲು ಕಳೆದು, ಕತ್ತಲಾದ ಮೇಲೆ ಉಂಡು ಮಲಗಲು ಮಾತ್ರ ಬರುತ್ತಿದ್ದ ಗಂಡ ಈಗ ದಿನವಿಡೀ ಮನೆಯಲ್ಲಿದ್ದ. ಇದರಿಂದ ತನಗೆ ಒಂದು ಸಮಾಧಾನವಿದೆ ಎಂಬುದನ್ನು ಅವಳು ತನಗೇ ಹೇಳಿಕೊಂಡಿರಲಿಲ್ಲ.

ಆದರೆ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಕೈಯಲ್ಲಿ ಚಲನೆ ಇಲ್ಲ, ಬಾಯಲ್ಲಿ ಮಾತಿಲ್ಲ, ಮುಖದಲ್ಲಿ ಏನೂ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಬಂದ ಅಬ್ದುಲ್ ವಾಹಿದ್ ಬ್ರೆಡ್ಡು ತರಲಿಲ್ಲ. ಪಾಂಡವಪುರದವನು, ಬೋರಯ್ಯನ ಬೆಲ್ಲವನ್ನು ತನ್ನ ಮೆಟಡೋರಿನಲ್ಲಿ ಮಂಡ್ಯದ ಮಂಡಿಗೆ ಸಾಗಿಸುವವನು. ಹೊನ್ನಪ್ಪನಿಗೂ ಅವನಿಗೂ ಇಪ್ಪತ್ತು ವರ್ಷದ ಸ್ನೇಹ. ಮಂಚದ ಅಂಚಿಗೆ ಕೂತು ಹೇಗಿದ್ದೀಯ ಅಂತಲೂ ಕೇಳಲಿಲ್ಲ. "ಏನ್ಲಾ ಹೊನ್ನ, ನೀನು ಇಲ್ಲಿ ಬಿದ್ಕೊಂಡಿದೀಯ, ಅಲ್ಲಿ ಬೋರಣ್ಣ ಬೆಲ್ಲ ಮಾಡ್ತಾ ಇಲ್ಲ, ಕಲ್ಲಿದ್ಲು ಮಾಡ್ತಾವ್ನೆ. ಬಾಯಿಗೆ ಹಾಕೋದಾ ಒಲೆಗೆ ಹಾಕೋದಾ ಅಂತ ಮಂಡಿಯವ್ರು ಕೇಳ್ತಾವ್ರೆ," ಅಂದ.

ಕಾಫಿ ಹಿಡಿದು ಬಂದ ಮಾದಮ್ಮ ಬಾಗಿಲಲ್ಲೇ ನಿಂತಳು. ಹೊನ್ನಪ್ಪನ ಮುಖದ ಎಡಭಾಗ ನಗುತ್ತಿತ್ತು. ಎರಡು ತಿಂಗಳಿಂದ ಅವಳು ಕಾದಿದ್ದ ನಗು ಅದು. ಸಂತೋಷವಾಗಬೇಕಿತ್ತು. ಲೋಟ ಇಟ್ಟ ರಭಸಕ್ಕೆ ಕಾಫಿ ಚೆಲ್ಲಿತು.

ಮಾರನೆಯ ದಿನದಿಂದ ಎರಡು ಗಂಟೆಗೆ ಸರಿಯಾಗಿ ಮೆಟಡೋರು ಬಾಗಿಲಿಗೆ ಬಂದು ಹಾರ್ನ್ ಹೊಡೆಯತೊಡಗಿತು. ವಾಹಿದ್, ಕುಳ್ಳಮ್ಮನ ಗಂಡ ಇಬ್ಬರೂ ಸೇರಿ ಹೊನ್ನಪ್ಪನನ್ನು ಮುಂದಿನ ಸೀಟಿಗೆ ಹತ್ತಿಸುತ್ತಿದ್ದರು. ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕ ಅವನಿಗೆಂದು ಒಂದು ಕುರ್ಚಿ. ಪಾಕ ಕುದಿಯುವಾಗ ಯಾರಾದರೊಬ್ಬರು ಅವನ ಸತ್ತ ಕೈಯನ್ನು ಹಿಡಿದು ತಣ್ಣೀರಿಗೆ ಅದ್ದಿ, ಸೌಟಿನಲ್ಲಿ ತೆಗೆದ ಪಾಕವನ್ನು ಆ ಬೆರಳುಗಳಿಗೆ ಮುಟ್ಟಿಸಿ, "ಏನಣ್ಣ, ಇಳ್ಸುಮಾ?" ಅಂತ ಕೇಳುತ್ತಿದ್ದರಂತೆ. ಅವನು ಕಣ್ಣು ಮುಚ್ಚಿದರೆ ಬೇಡ, ತೆರೆದರೆ ಇಳಿಸು. ಯುಗಾದಿಯ ಹೊತ್ತಿಗೆ ನೀನೇ ಎದ್ದು ನಿಂತು ಹದ ನೋಡ್ತೀಯ ಕಣ್ಲಾ ಅಂತ ವಾಹಿದ್ ದಿನಾ ಹೇಳುತ್ತಿದ್ದನಂತೆ, ಪಂಚಾಂಗ ನೋಡಿ ಹೇಳಿದವನ ಹಾಗೆ. ರಂಜಾನ್ ಉಪವಾಸ ಶುರುವಾದ ಮೇಲೂ, ಒಣಗಿದ ಬಾಯಲ್ಲೇ ಬಂದು ಕರೆದೊಯ್ದು ಅದನ್ನೇ ಹೇಳುತ್ತಿದ್ದ. ಇದೆಲ್ಲ ಮಾದಮ್ಮನಿಗೆ ಅವರಿವರಿಂದ ಗೊತ್ತಾಗುತ್ತಿತ್ತು. ನೀರಾವರಿ ಇಲ್ಲದ ರಾಗಿ ಸೀಮೆಯಿಂದ ಬಂದವಳು ಅವಳು. ಆಲೆಮನೆಯೊಳಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ, ಅವನೂ ಕರೆದಿರಲಿಲ್ಲ. ಸಂಜೆ ಅವನ ಬಟ್ಟೆ ಬಿಚ್ಚುವಾಗ ಬರುವ ಹೊಗೆಯ, ಸಿಹಿಯ ವಾಸನೆ ಮಾತ್ರ ಅವಳ ಪಾಲಿಗೆ. ಬೇರೆ ಹೆಂಗಸಿನ ಮನೆಯಿಂದ ಬಂದ ಗಂಡಸಿನ ಅಂಗಿ ಮೂಸಿದ ಹಾಗೆ ಅವಳು ಅದನ್ನು ಮೂಸುತ್ತಿದ್ದಳು.

ಫೆಬ್ರವರಿ ಕೊನೆಗೆ ತೋರುಬೆರಳು ಅಲ್ಲಾಡಿತು. ಅದೂ ಆಲೆಮನೆಯಲ್ಲೇ. ಈಗ ಮಾತೂ ಅಲ್ಲೇ.

ಬೋರಿಂಗಿನಿಂದ ಬಂದವಳು ಕೊಡ ಇಳಿಸಿ ಅವನ ಎದುರಿಗೆ ಕೂತಳು. ಎಲ್ಲರೂ ಮಲಗಿದ ಮೇಲೆ ಅವನು ಅವಳನ್ನು ಕರೆಯುತ್ತಿದ್ದದ್ದು ಮಾದಿ ಅಂತ. ಆ ಒಂದು ಹೆಸರು ಹೇಳು ಅಂತ ಕೇಳಿದಳು. ಅವನು ಅವಳನ್ನೇ ನೋಡಿದ. ತುಟಿ ಸೇರಿಸಿದ, ಕುತ್ತಿಗೆಯ ನರ ಉಬ್ಬಿತು, ಮ್ ಮ್ ಎಂಬ ಸದ್ದು ಬಂತು, ಜೊಲ್ಲು ಬಂತು. ಮತ್ತೆ ಕೇಳಿದಳು. ಮೂರನೆಯ ಸಲ ಅವನು ಗೋಡೆಯ ಕಡೆ ತಿರುಗಿಕೊಂಡ.

ಆಗಲಿಲ್ಲವೋ, ಬೇಡವಾಯಿತೋ? ಮಧ್ಯಾಹ್ನದವರೆಗೂ ಅವಳು ಅದನ್ನೇ ಯೋಚಿಸಿದಳು. ಬೇಡವಾಯಿತು ಎಂಬ ಉತ್ತರವೇ ಪ್ರತಿಸಲವೂ ಮೊದಲು ಬಂತು.

ಎರಡು ಗಂಟೆಗೆ ಹಾರ್ನ್ ಆದಾಗ ಅವಳು ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡಳು. ತನ್ನ ತಮ್ಮ ಮೈಸೂರಿಗೆ ಹೋಗಿದ್ದವನು ಡಾಕ್ಟರನ್ನು ಕೇಳಿಕೊಂಡು ಬಂದನೆಂದಳು. ಒಲೆಯ ಝಳ, ಹೊಗೆ ಎರಡೂ ಕೂಡದಂತೆ, ಇನ್ನೊಂದು ಸಲ ಹೊಡೆದರೆ ಉಳಿಯುವುದಿಲ್ಲವಂತೆ, ಈಗಾಗಲೇ ಕೆಟ್ಟದ್ದಾಗಿದೆಯಂತೆ. ಹೇಳುತ್ತ ಹೇಳುತ್ತ ಸುಳ್ಳಿಗೆ ತಾನಾಗಿಯೇ ಕೈಕಾಲು ಬಂದವು. ಒಳಗಿರುವವನಿಗೂ ಕೇಳಿಸಲಿ ಅಂತ ದನಿ ಎತ್ತರಿಸಿಯೇ ಹೇಳಿದಳು.

ವಾಹಿದ್ ಗಾಡಿಯ ಇಂಜಿನ್ ಆರಿಸಿದ. "ಕೆಟ್ಟದ್ದಾಗೈತೆ ಅಂದ್ರಾ?" ಅಂತ ಕೇಳಿದ. ಹೌದು ಅಂದಳು. ಅವನು ಮೆಟಡೋರನ್ನು ಹಿಂದಕ್ಕೆ ತಿರುಗಿಸಿಕೊಂಡು ಹೋದ. ಎರಡು ದಿನಕ್ಕೆ ಅವರ ಹಬ್ಬ. ಪ್ರತಿ ವರ್ಷ ಹಬ್ಬದ ದಿನ ಡಬ್ಬಿಯಲ್ಲಿ ಶಾವಿಗೆಯ ಸುರ್‌ಕುಂಬ ತಂದುಕೊಡುತ್ತಿದ್ದವನು ಈ ಸಲ ಬರಲಿಲ್ಲ.

ಮೊದಲ ನಾಲ್ಕು ದಿನ ಮಾದಮ್ಮ ಮದುವೆಯ ಹೊಸದರಲ್ಲಿ ಮಾಡಿದ ಹಾಗೆ ಅಡುಗೆ ಮಾಡಿದಳು. ಎರಡು ಗಂಟೆಯ ಹೊತ್ತಿಗೆ ಬೇಕೆಂದೇ ಅವನ ಪಕ್ಕ ಕೂತು, ತವರಿನ ಸುದ್ದಿ, ಮಗಳ ಸುದ್ದಿ ಹೇಳಿದಳು. ಅವನು ಕೇಳುತ್ತಿರುವವನ ಹಾಗೆ ಕಾಣಲಿಲ್ಲ, ರಸ್ತೆಗೆ ಕಿವಿ ಕೊಟ್ಟವನ ಹಾಗೆ ಕಾಣುತ್ತಿದ್ದ. ಐದನೆಯ ದಿನ ಮುದ್ದೆಯನ್ನು ಬಾಯಿಂದ ಹೊರಗೆ ತಳ್ಳಿದ. ವಾರ ಕಳೆಯುವಷ್ಟರಲ್ಲಿ ಬಲಗೈ ಬೆರಳುಗಳು ಮತ್ತೆ ಒಳಕ್ಕೆ ಮಡಚಿಕೊಂಡವು. ಎಣ್ಣೆ ತಿಕ್ಕಿ ಬಿಡಿಸಿದರೆ ಬಿಟ್ಟೊಡನೆ ಮುಚ್ಚಿಕೊಳ್ಳುತ್ತಿದ್ದವು.

ಒಂದು ಭಾನುವಾರ ಆಲೆಮನೆಯವರೆಲ್ಲ ನೋಡಲು ಬಂದರು, ಬೋರಯ್ಯನೂ ಬಂದ. ಬ್ರೆಡ್ಡು, ಕಿತ್ತಳೆಹಣ್ಣು ತಂದಿದ್ದರು. ಆಲೆಮನೆಯಲ್ಲಿ ಅವನನ್ನು ಬೈದು, ಕಿಚಾಯಿಸಿ, ಕೈ ಹಿಡಿದೆಳೆಯುತ್ತಿದ್ದವರು ಇಲ್ಲಿ ಗೋಡೆಗೆ ಒರಗಿ ಮೆಲ್ಲಗೆ ಮಾತಾಡಿದರು. ತಾವು ಮಾಡಿದ್ದೇ ತಪ್ಪಾಯಿತೇನೋ ಎಂಬ ಭಯ ಅವರ ಮುಖದ ಮೇಲಿತ್ತು. ಎಲ್ಲ ಭಗವಂತನ ಇಚ್ಛೆ ಅಂತ ಬೋರಯ್ಯ ಅಂದ. ಹೊನ್ನಪ್ಪ ಒಬ್ಬರನ್ನೂ ನೋಡಲಿಲ್ಲ. ಅವರು ಹೋಗುವಾಗ ಮಾದಮ್ಮನಿಗೆ, ನಿನ್ನಿಂದಲೇ ಅವ್ನು ಉಳ್ದವ್ನೆ ತಾಯಿ ಅಂದರು. ಮೊದಲು ಬೆಲ್ಲದ ಹಾಗೆ ಹಿಡಿಸುತ್ತಿದ್ದ ಮಾತು ಈಗ ಹಿಡಿಸಲಿಲ್ಲ.

ಏಪ್ರಿಲ್ ಮೊದಲ ವಾರ ಆಸ್ಪತ್ರೆಗೆ ತೋರಿಸುವ ದಿನ ಬಂತು. ತಮ್ಮನ ಜೊತೆ ಹೋಗಬಹುದಿತ್ತು. ಆದರೆ ಸುಳ್ಳಿನಲ್ಲಿ ಅವನ ಹೆಸರಿತ್ತು. ಬಸ್ಸಿನವರ ಕೈಕಾಲು ಹಿಡಿದು, ಒಬ್ಬಳೇ ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಕರೆದೊಯ್ದಳು.

ಡಾಕ್ಟರು ಚಿಕ್ಕ ವಯಸ್ಸಿನವರು. ಹೊನ್ನಪ್ಪನ ಮಡಚಿದ ಬೆರಳುಗಳನ್ನು ಬಿಡಿಸಿ, ದೀಪದ ಹತ್ತಿರ ಹಿಡಿದು, ತುದಿಗಳನ್ನು ನೋಡಿದರು. ಎರಡು ಬೆರಳ ತುದಿಯಲ್ಲಿ ಸಣ್ಣ ಸಣ್ಣ ಸುಟ್ಟ ಕಲೆಗಳು ಆರಿಹೋಗಿದ್ದವು.

"ಇದೇನಮ್ಮ?"

ಬೆಲ್ಲದ ಪಾಕ ಅಂದಳು. ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಎಳೆದು ಅವರು ಆಲೆಮನೆಯ ವಿಷಯವನ್ನೆಲ್ಲ ಹೊರಗೆ ತೆಗೆದರು. ಆಮೇಲೆ ಅವಳನ್ನು ಬಿಟ್ಟು ಹೊನ್ನಪ್ಪನ ಕಡೆ ಬಾಗಿ, ಬಿಸಿ ತಾಗಿದ್ದು ಗೊತ್ತಾಗುತ್ತಿತ್ತಾ ಅಂತ ಕೇಳಿದರು. ಇಪ್ಪತ್ತು ದಿನದಿಂದ ಯಾರ ಮಾತಿಗೂ ತಲೆಯಾಡಿಸದಿದ್ದವನು ಹೌದೆಂದು ತಲೆಯಾಡಿಸಿದ. ಮತ್ತೆ ಮತ್ತೆ ಆಡಿಸಿದ.

"ಹಾಗಾದ್ರೆ ಸ್ಪರ್ಶ ಬಂದಿತ್ತು, ಮಾತೂ ಬಂದಿತ್ತು. ಸುಟ್ಟುಕೊಳ್ಳದ ಹಾಗೆ ನೋಡ್ಕೊಂಡು ಮುಂದುವರಿಸ್ಬೇಕಿತ್ತು. ಮಾತ್ರೆ ನಾನು ಕೊಡ್ತೀನಮ್ಮ, ಆದ್ರೆ ತಾನಿಲ್ಲದೆ ಒಂದು ಕೆಲಸ ನಿಂತಿದೆ ಅನ್ನೋದನ್ನ ನಾನು ಕೊಡಕ್ಕಾಗಲ್ಲ. ಯಾಕೆ ನಿಲ್ಸಿದ್ರಿ? ಬೇಡ ಅಂತ ಹೇಳಿದ್ದು ಯಾರು?"

ಮಾದಮ್ಮ ನೆಲ ನೋಡಿದಳು. ತಲೆ ಎತ್ತಿದಾಗ ಹೊನ್ನಪ್ಪ ಅವಳನ್ನು ನೋಡುತ್ತಿದ್ದ. ಬಾಗಿಲಾಚೆ ಅವಳು ಗಟ್ಟಿಯಾಗಿ ಹೇಳಿದ್ದನ್ನು ಮಂಚದ ಮೇಲಿಂದ ಕೇಳಿಸಿಕೊಂಡಿದ್ದವನು ಅವನು. ಡಾಕ್ಟರು ಬೇಡ ಅಂದರು ಅಂತ ನಂಬಿ ಬೆರಳು ಮಡಚಿಕೊಂಡಿದ್ದವನು. ಆ ಡಾಕ್ಟರು ಈಗ ಎದುರಿಗೇ ಕೂತು ಯಾಕೆ ನಿಲ್ಲಿಸಿದಿರಿ ಅಂತ ಕೇಳುತ್ತಿದ್ದರು. ಅವನ ನೋಟದಲ್ಲಿ ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಗುರುತಿಲ್ಲದವಳನ್ನು ನೋಡುವ ಹಾಗೆ ನೋಡಿದ.

ವಾಪಸ್ಸು ಬರುವ ಬಸ್ಸಿನಲ್ಲಿ ಅವನು ಕಿಟಕಿಯ ಕಡೆಗೇ ಕೂತಿದ್ದ. ಬಸ್ಸು ತಿರುವಿನಲ್ಲಿ ವಾಲಿದಾಗ ಅವನ ಮೈ ಅವಳ ಮೇಲೆ ಬೀಳದ ಹಾಗೆ ಎಡಗೈಯಲ್ಲಿ ಕಂಬಿ ಬಿಗಿಯಾಗಿ ಹಿಡಿದಿದ್ದ.

ಪಾಂಡವಪುರದಲ್ಲಿ ಇಳಿದು, ಅವನನ್ನು ಒಂದು ಅಂಗಡಿಯ ಜಗಲಿಯ ಮೇಲೆ ಕೂರಿಸಿ, ಮಾದಮ್ಮ ಗಾಡಿಗಳು ನಿಲ್ಲುವ ಕಡೆಗೆ ಹೋದಳು. ವಾಹಿದ್ ಟೈರಿಗೆ ಒರಗಿ ಬೀಡಿ ಸೇದುತ್ತಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದ. ಹೊನ್ನನಿಗೆ ಏನೋ ಆಗಿಹೋಗಿದೆ ಅಂದುಕೊಂಡಿರಬೇಕು.

ಡಾಕ್ಟರು ಬೇಡ ಅಂತ ಹೇಳಿರಲೇ ಇಲ್ಲ, ಹೇಳಿದ್ದು ನಾನು, ಅಂದಳು.

ವಾಹಿದ್ ಬೀಡಿಯನ್ನು ಕಾಲಲ್ಲಿ ಹೊಸಕಿದ. "ಇಪ್ಪತ್ತು ದಿನದಿಂದ ನಾನೇ ಅವನ್ನ ಕೊಂದ್ಬುಟ್ಟೆ ಅಂದ್ಕೊಂಡಿದೀನಿ ಅಕ್ಕ. ಹಬ್ಬದ ನಮಾಜಿಗೆ ನಿಂತಾಗ್ಲೂ ಅದೇ. ನಮ್ಮನೆಯೋಳು ಪರ್ವೀನ್ ಸುರ್‌ಕುಂಬ ಡಬ್ಬಿಗೆ ಹಾಕ್ಕೊಟ್ಲು. ನಿಮ್ಮ ಬಾಗ್ಲಿಗೆ ಬರಕ್ಕೆ ನಂಗೆ ಮೋರೆ ಇರ್ನಿಲ್ಲ. ಯಾಕಕ್ಕ ಇಂಗ್ ಮಾಡಿದ್ರಿ?"

"ನಂಗೆ ಒಂದು ಮಾತೂ ಆಡ್ನಿಲ್ಲ ಅಣ್ಣ. ನಿಮ್ಗೆ ಆಡ್ದ."

ಬೇರೆ ಏನಾದರೂ ಹೇಳಬೇಕೆಂದು ಬಂದಿದ್ದಳು, ಬಾಯಿಗೆ ಬಂದದ್ದು ಇದೇ. ವಾಹಿದ್ ಅವಳ ಮುಖ ನೋಡಿದ. ಸಿಟ್ಟು ಇಳಿಯಲಿಲ್ಲ, ಆದರೆ ಅದರ ಜೊತೆಗೆ ಇನ್ನೇನೋ ಸೇರಿತು.

"ನಂಗಲ್ಲ ಅಕ್ಕ," ಅಂದ. "ಅವ್ನು ಆಡಿದ್ದು ಬೆಲ್ಲಕ್ಕೆ."

ಮನೆಗೆ ಹೋಗಲಿಲ್ಲ. ಮೆಟಡೋರು ಮೂವರನ್ನೂ ಹೊತ್ತುಕೊಂಡು ನೇರ ಆಲೆಮನೆಗೆ ಹೋಯಿತು. ಮಾದಮ್ಮ ಚಪ್ಪಲಿ ಬಿಟ್ಟು ಮೊದಲ ಸಲ ಒಳಗೆ ಕಾಲಿಟ್ಟಳು. ಗಾಣದ ಸದ್ದು, ಕಣ್ಣುರಿಸುವ ಹಬೆ, ಬೆವರಿದ ಮೈಯ ಗಂಡಸರು. ಕುರ್ಚಿಯ ಮೇಲೆ ಯಾರೋ ಖಾಲಿ ಚೀಲಗಳನ್ನು ಪೇರಿಸಿದ್ದರು. ಅವನ್ನು ಎಸೆದು ಹೊನ್ನಪ್ಪನನ್ನು ಕೂರಿಸಿದರು. ಡಾಕ್ಟರೇ ಕೂರಲಿ ಅಂದವ್ರೆ ಅಂತ ವಾಹಿದ್ ಅಷ್ಟೇ ಹೇಳಿದ. ಕೊಪ್ಪರಿಗೆಯಲ್ಲಿ ಪಾಕ ಆಗಲೇ ದಪ್ಪ ಗುಳ್ಳೆ ಎಬ್ಬಿಸುತ್ತಿತ್ತು. ಕುಳ್ಳಮ್ಮನ ಗಂಡ ಅವನ ಕೈ ಹಿಡಿದು ನೀರಿಗೆ ಅದ್ದಿದ. ಬೆರಳುಗಳು ಬಿಡಿಸಿಕೊಳ್ಳಲಿಲ್ಲ. ಮಡಚಿದ ಗೆಣ್ಣಿಗೇ ಪಾಕ ಮುಟ್ಟಿಸಿ, "ಇಳ್ಸುಮಾ?" ಅಂತ ಕೇಳಿದ.

ಹೊನ್ನಪ್ಪ ಸುಮ್ಮನೆ ಕೂತಿದ್ದ.

ಕೊಪ್ಪರಿಗೆಗೆ ಹಾಕಿದ ಕೊಕ್ಕೆ ಹಿಡಿದ ನಾಲ್ವರು ಬೋರಯ್ಯನ ಮುಖ ನೋಡಿದರು. ಪಾಕದ ಬಣ್ಣ ತಿರುಗುತ್ತಿತ್ತು. ಬೋರಯ್ಯ ಕೈಯೆತ್ತಿ ತಡೆಯಿರಿ ಅಂದ. ಸೀಯುವ ವಾಸನೆ ತೆಳ್ಳಗೆ ಎದ್ದಿತು, ಅಡುಗೆಮನೆಯ ಅನುಭವವಿದ್ದ ಮಾದಮ್ಮನಿಗೂ ಗೊತ್ತಾಯಿತು. ಒಂದು ಇಡೀ ಕೊಪ್ಪರಿಗೆ ಬೆಲ್ಲ ಕಣ್ಣೆದುರಿಗೇ ಕೆಡುತ್ತಿದೆ, ಇಷ್ಟು ಜನ ಕೈ ಕಟ್ಟಿ ಒಬ್ಬನ ಬಾಯಿ ನೋಡುತ್ತ ನಿಂತಿದ್ದಾರೆ. ತಾನಾಗಿದ್ದರೆ? ತಾನಾಗಿದ್ದರೆ ಯಾವಾಗಲೋ ಇಳಿಸಿಬಿಡುತ್ತಿದ್ದೆ. ಅವನಿಗೆ ಆಗಲ್ಲ ಅಂತ ತಾನೇ ಇಳಿಸಿ, ಒರೆಸಿ, ತಿನ್ನಿಸಿಬಿಡುತ್ತಿದ್ದೆ ಅಂತ ಅವಳಿಗೆ ಅನ್ನಿಸಿತು.

ಹೊನ್ನಪ್ಪನ ಮೂಗಿನ ಹೊಳ್ಳೆ ಅರಳಿತು. ಕತ್ತು ತಿರುಗಿಸಿ ಕೊಕ್ಕೆ ಹಿಡಿದವರನ್ನು ನೋಡಿದ. "ಇಳ್... ಇಳ್ಸ್ರಲಾ!" ಅಂದ. ಒಡೆದ ದನಿಯಲ್ಲಿ ಅಪ್ಪಟ ಸಿಟ್ಟಿತ್ತು.

ಇಳಿಸಿದರು. ಆರಲು ಸುರಿಯುವ ಮರದ ದೋಣಿಗೆ ಬಿದ್ದಾಗ ಪಾಕ ಕರಿ ಎಣ್ಣೆಯ ಹಾಗಿತ್ತು. ವಾಹಿದ್ ಬಗ್ಗಿ ನೋಡಿ, ಈಗ ನಿಜವಾಗ್ಲೂ ಕಲ್ಲಿದ್ಲೇ ಕಣ್ಲಾ ಹೊನ್ನ ಅಂದ. ಬೋರಯ್ಯ ನಕ್ಕ, ಎಲ್ಲರೂ ನಕ್ಕರು, ಹೊನ್ನಪ್ಪನ ಅರ್ಧ ಮುಖ ನಕ್ಕಿತು. ಅವನ ಕಣ್ಣು ಒಬ್ಬರಿಂದ ಒಬ್ಬರಿಗೆ ಓಡಾಡುತ್ತಿತ್ತು. ಬಾಗಿಲ ಬಳಿ ನಿಂತ ಅವಳವರೆಗೂ ಅದು ಬರಲಿಲ್ಲ. ಈ ಮುಖವನ್ನು ಅವಳು ನೋಡಿರಲಿಲ್ಲ. ಲಕ್ವ ಹೊಡೆಯುವ ಮೊದಲೂ ನೋಡಿರಲಿಲ್ಲ. ಇಪ್ಪತ್ತಾರು ವರ್ಷ ಇದು ಇಲ್ಲೇ ಇತ್ತು, ಮನೆಗೆ ಬಂದದ್ದು ಬೇರೆ ಮುಖ. ಹಾಗಾದರೆ ತನ್ನ ಹೊಟ್ಟೆಯ ಉರಿ ಈ ಕಾಯಿಲೆಗಿಂತ ಹಳೆಯದು. ಅವಳು ಹೊರಗೆ ಬಂದು, ಸಿಪ್ಪೆ ಹರವುತ್ತಿದ್ದ ಹೆಂಗಸರ ಜೊತೆ ಬಗ್ಗಿ ಹರವತೊಡಗಿದಳು. ಯಾರೂ ಕರೆದಿರಲಿಲ್ಲ, ಯಾರೂ ಬೇಡ ಅನ್ನಲಿಲ್ಲ.

ಆ ಸಂಜೆ, ಮಾರನೆಯ ಬೆಳಿಗ್ಗೆ ಅವನು ಅವಳ ಕಡೆ ನೋಡಲಿಲ್ಲ. ಅವಳೂ ಮಾತಾಡಿಸಲಿಲ್ಲ. ಎಣ್ಣೆ ತಿಕ್ಕಿದಳು, ಮುದ್ದೆ ಮುರಿದಳು. ಅವನು ಪೂರ್ತಿ ಉಂಡ.

ಎರಡು ಗಂಟೆಗೆ ಹಾರ್ನ್ ಕೇಳಿತು. ಅವಳಿನ್ನೂ ಅವನಿಗೆ ಅಂಗಿ ಹಾಕುತ್ತಿದ್ದಳು. ಮೇಲಿನ ಎರಡು ಗುಂಡಿ ಆಗಿತ್ತು, ಮೂರನೆಯದಕ್ಕೆ ಬೇಕೆಂದೇ ನಿಧಾನ ಮಾಡಿದಳು. ಮತ್ತೊಂದು ಸಲ ಹಾರ್ನ್ ಆಯಿತು. ಹೊನ್ನಪ್ಪ ಅವಸರದಲ್ಲಿ ಅವಳ ಕೈಯನ್ನು ಪಕ್ಕಕ್ಕೆ ತಳ್ಳಿದ.

ತಳ್ಳಿದ್ದು ಬಲಗೈ. ಮಡಚಿದ ಮುಷ್ಟಿಯೇ, ಆದರೆ ಮುಂಗೈಗೆ ಬಿದ್ದ ಪೆಟ್ಟು ನೋಯುವಷ್ಟಿತ್ತು. ಆ ಕೈ ಎದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ, ಆಗಲೇ ಬಾಗಿಲ ಕಡೆ ತಿರುಗಿದ್ದ. ಮಾದಮ್ಮ ನೋಯುವ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ಅಲ್ಲಿ ನಿಂತಿದ್ದ ವಾಹಿದನಿಗೆ, ಇವತ್ತು ಆ ಕೈಯನ್ನು ನೀವು ಹಿಡಿದು ಅದ್ದಬೇಡಿ, ಅವನೇ ಅದ್ದಲಿ ಬಿಡಿ ಅಂತ ಹೇಳಿ ಒಳಗೆ ಬಂದಳು.